ಪಟ್ಟಿಯಲ್ಲಿಲ್ಲದ ಸವಲತ್ತು: ಜಾತಿಯ ಪಾಠ ಯಾರು ಕಲಿಯಬೇಕು?

ಅಸ್ಪೃಶ್ಯತೆ ನಿವಾರಣೆಯ ಪಾಠ ಪ್ರತಿ ವರ್ಷದ ಬೋಧನಾಭ್ಯಾಸದಲ್ಲಿ ಯಾರಾದರೂ ಒಬ್ಬ ಪ್ರಶಿಕ್ಷಣಾರ್ಥಿಯ ಪಾಲಿಗೆ ಬಂದೇ ಬರುತ್ತದೆ. ಪಾಠಯೋಜನೆ ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತದೆ. ಸಂವಿಧಾನದ 17ನೇ ವಿಧಿ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಅಂಬೇಡ್ಕರ್ ಅವರ ಭಾವಚಿತ್ರ, ಕೊನೆಗೆ ಮೌಲ್ಯಮಾಪನದ ಐದು ಪ್ರಶ್ನೆಗಳು. ಮಕ್ಕಳು ಸರಿಯಾಗಿ ಉತ್ತರಿಸುತ್ತಾರೆ. ಕಲಿಕಾ ಫಲ ಸಾಧಿತವಾಯಿತು ಎಂದು ವೀಕ್ಷಕರು ಸಹಿ ಹಾಕುತ್ತಾರೆ. ಆದರೆ ‘ಪರಿಶಿಷ್ಟ ಜಾತಿ’ ಎಂಬ ಪದ ಕಪ್ಪುಹಲಗೆಯ ಮೇಲೆ ಬಂದ ಕೂಡಲೇ ತರಗತಿಯ ಕಣ್ಣುಗಳು ಯಾವ ಬೆಂಚಿನ ಕಡೆ ತಿರುಗಿದವು ಎಂಬುದನ್ನು ಬರೆಯಲು ವೀಕ್ಷಣಾ ಪುಸ್ತಕದಲ್ಲಿ ಕಾಲಂ ಇಲ್ಲ.

ಆ ಬೆಂಚಿನಲ್ಲಿ ಕುಳಿತ ಮಗುವಿಗೆ ಅಸ್ಪೃಶ್ಯತೆ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ತಿಳಿಯಬೇಕಾದವರು ತಿರುಗಿ ನೋಡಿದ ಮಕ್ಕಳು. ಆದರೂ ನಮ್ಮ ಪಾಠದಲ್ಲಿ ವಿಷಯವಾಗುವವರು, ಉದಾಹರಣೆಯಾಗುವವರು, ಕೆಲವೊಮ್ಮೆ ಎದ್ದು ನಿಂತು ‘ಅನುಭವ’ ಹೇಳಬೇಕಾಗುವವರು ದಲಿತ ಮಕ್ಕಳೇ. ತಿರುಗಿ ನೋಡುವವರ ಜಾತಿ ಪಾಠದೊಳಗೆ ಬರುವುದೇ ಇಲ್ಲ. ಅದನ್ನು ಪಾಠದೊಳಗೆ ತರುವುದು ಹೇಗೆ, ಅದಕ್ಕೂ ಮೊದಲು ಮೇಲ್ಜಾತಿ ಮನೆಗಳಿಂದ ಬಂದ ಪ್ರಶಿಕ್ಷಣಾರ್ಥಿಗಳು ತಮ್ಮತಮ್ಮಲ್ಲಿ ಯಾವ ಕೆಲಸ ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಯಾರ ಸವಲತ್ತು?

ಸಿಬ್ಬಂದಿ ಕೊಠಡಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ‘ಸವಲತ್ತು’ ಎಂಬ ಪದ ಬಹುಪಾಲು ಒಂದೇ ಅರ್ಥದಲ್ಲಿ ಓಡಾಡುತ್ತದೆ. ‘ಅವರಿಗೇನು ಬಿಡಿ, ಸವಲತ್ತಿದೆ’ ಎಂದರೆ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಮೀಸಲಾತಿ. ಈ ಸವಲತ್ತುಗಳಿಗೆ ಆದೇಶವಿದೆ, ಅರ್ಜಿಯಿದೆ, ಜಾತಿ ಪ್ರಮಾಣಪತ್ರವಿದೆ, ಪಟ್ಟಿಯಿದೆ. ಪಟ್ಟಿಯಲ್ಲಿರುವುದರಿಂದಲೇ ಅವು ಎಲ್ಲರ ಕಣ್ಣಿಗೆ ಬೀಳುತ್ತವೆ.

ಅರ್ಜಿಯಿಲ್ಲದೆ ಸಿಗುವ ಸವಲತ್ತುಗಳೂ ಇವೆ. ಹೊಸ ಊರಿಗೆ ಬೋಧನಾಭ್ಯಾಸಕ್ಕೆ ಹೋದಾಗ ಬಾಡಿಗೆ ಕೋಣೆ ಕೇಳಿದರೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆಗೆ ಅಳುಕದೆ ಉತ್ತರ ಕೊಡಬಹುದು. ಮುಖ್ಯಶಿಕ್ಷಕರ ಮನೆಯಲ್ಲಿ ನೀರು ಕೇಳಿದರೆ ಯಾವ ಲೋಟದಲ್ಲಿ ಬರುತ್ತದೋ ಎಂದು ಯೋಚಿಸಬೇಕಾಗಿಲ್ಲ. ಪಾಠ ಕೆಟ್ಟರೆ ‘ತಯಾರಿ ಸಾಲದು’ ಎನ್ನುತ್ತಾರೆಯೇ ಹೊರತು ‘ಕೋಟಾದಲ್ಲಿ ಬಂದದ್ದಲ್ಲವೆ’ ಎನ್ನುವುದಿಲ್ಲ. ಇವನ್ನು ಯಾರೂ ದುಡಿದು ಗಳಿಸಿಲ್ಲ, ಯಾರೂ ಮಂಜೂರು ಮಾಡಿಲ್ಲ. ಹುಟ್ಟಿನೊಂದಿಗೇ ಬಂದ ಅನುಕೂಲಗಳಿವು.

ಅಮೆರಿಕದ ವೆಲ್ಲೆಸ್ಲಿ ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿದ್ದ ಪೆಗ್ಗಿ ಮ್ಯಾಕಿಂಟಾಶ್ ಎಂಬ ಬಿಳಿಯ ಅಧ್ಯಾಪಕಿ 1988ರಲ್ಲಿ ಇಂಥದೇ ಪಟ್ಟಿಯೊಂದನ್ನು ಬರೆದರು. ಬಿಳಿಯಳಾಗಿರುವುದರಿಂದ ತನಗೆ ದಿನನಿತ್ಯ ದೊರೆಯುವ 46 ಅನುಕೂಲಗಳನ್ನು ಅವರು ಒಂದೊಂದಾಗಿ ಗುರುತಿಸಿದರು. ಬೆನ್ನ ಮೇಲಿದ್ದರೂ ಹೊತ್ತವರಿಗೇ ಕಾಣದ ಗಂಟು ಎಂಬುದು ಅವರ ಹೋಲಿಕೆ. ವರ್ಣಭೇದವೆಂದರೆ ಕೆಟ್ಟವರು ಮಾಡುವ ಕೆಟ್ಟ ಕೆಲಸವಷ್ಟೇ ಅಲ್ಲ, ಒಳ್ಳೆಯವರಿಗೂ ಸದ್ದಿಲ್ಲದೆ ಲಾಭ ತಲುಪಿಸುವ ಏರ್ಪಾಡು ಎಂಬುದು ಆ ಬರಹದ ತಿರುಳು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ: ‘ನಾವೂ ಬಡವರೇ, ನಮಗೆಲ್ಲಿಯ ಸವಲತ್ತು?’ ಹನೂರು ಭಾಗದಲ್ಲಿ ಮಳೆ ನಂಬಿ ರಾಗಿ, ಜೋಳ ಬೆಳೆಯುವ ಸಣ್ಣ ಹಿಡುವಳಿಯ ಮನೆಯಿಂದ ಬಂದ ವಿದ್ಯಾರ್ಥಿಯ ಬಡತನ ಸುಳ್ಳಲ್ಲ. ಆ ಹುಡುಗನ ಹೊಟ್ಟೆ ಹಸಿದಿರಬಹುದು. ಆದರೆ ಅವನ ಜಾತಿಯ ಕಾರಣಕ್ಕೆ ಊರಿನ ನಲ್ಲಿಯನ್ನು ಯಾರೂ ತೊಳೆಯುವುದಿಲ್ಲ. ಬಡತನವೂ ಜಾತಿಯೂ ಎರಡು ಬೇರೆ ಲೆಕ್ಕಗಳು. ಒಂದರಲ್ಲಿ ಸೋತವರು ಇನ್ನೊಂದರಲ್ಲಿ ಗೆದ್ದಿರಬಹುದು.

ನಲ್ಲಿಯ ಮಾತು ಕಲ್ಪಿಸಿಕೊಂಡದ್ದಲ್ಲ. 2022ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಮೇಲ್ಜಾತಿ ಬೀದಿಯ ತೊಂಬೆಯ ನೀರು ಕುಡಿದರೆಂದು ತೊಂಬೆಯನ್ನು ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಅಧಿಕಾರಿಗಳು ಊರಿಗೆ ಬಂದು ದಲಿತರನ್ನು ಕರೆದೊಯ್ದು ನಲ್ಲಿಗಳಿಂದ ನೀರು ಕುಡಿಸಿದರು. ಅದು ಬೇಕಾದ ಕ್ರಮವೇ. ಆದರೆ ಶಿಕ್ಷಕರಾಗುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಇಂಥ ಕೆಲಸ ಮಾಡುವ ಕೈಗಳೂ ಶಾಲೆಯಲ್ಲಿ 17ನೇ ವಿಧಿಯನ್ನು ಓದಿ ಬಂದಿರಬಹುದಲ್ಲವೆ? ಹಾಗಾದರೆ ಅವರಿಗೆ ಶಾಲೆ ಯಾವ ಪಾಠ ಕಲಿಸಿತ್ತು?

ಮಿಸ್ಸಿಸಿಪ್ಪಿಯಲ್ಲಿ ಎದ್ದ ಪ್ರಶ್ನೆ

ಸವಲತ್ತುಳ್ಳವರು ಸಂಘಟಿತರಾಗಿ ತಮ್ಮ ಸವಲತ್ತನ್ನೇ ಎದುರಿಸುವುದು ಹೇಗೆಂಬ ಪ್ರಶ್ನೆ ಅಮೆರಿಕದ ವಿದ್ಯಾರ್ಥಿ ಚಳವಳಿಯಲ್ಲಿ ಬಹಳ ನೇರವಾಗಿ ಎದ್ದಿತು. ಕರಿಯ ವಿದ್ಯಾರ್ಥಿಗಳು 1960ರಲ್ಲಿ ಕಟ್ಟಿದ ‘ಸ್ನಿಕ್’ ಎಂಬ ಸಂಘಟನೆ 1964ರ ಬೇಸಿಗೆಯಲ್ಲಿ ಮಿಸ್ಸಿಸಿಪ್ಪಿ ರಾಜ್ಯದಲ್ಲಿ ಕರಿಯರನ್ನು ಮತದಾರರ ಪಟ್ಟಿಗೆ ಸೇರಿಸುವ ದೊಡ್ಡ ಕಾರ್ಯಕ್ರಮ ಹಾಕಿಕೊಂಡಿತು. ಉತ್ತರದ ಕಾಲೇಜುಗಳಿಂದ ನೂರಾರು ಸ್ವಯಂಸೇವಕರು ಬಂದರು; ಹೆಚ್ಚಿನವರು ಬಿಳಿಯರು. ನಲವತ್ತರಷ್ಟು ‘ಸ್ವಾತಂತ್ರ್ಯ ಶಾಲೆ’ಗಳೂ ನಡೆದವು. ಜೂನ್ 21ರಂದು ಜೇಮ್ಸ್ ಚೇನಿ ಎಂಬ ಕರಿಯ ಕಾರ್ಯಕರ್ತನೂ ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಇಬ್ಬರು ಬಿಳಿಯರೂ ಕೊಲೆಯಾದರು. ಇಡೀ ದೇಶ ಆಗ ಮಿಸ್ಸಿಸಿಪ್ಪಿಯ ಕಡೆ ತಿರುಗಿ ನೋಡಿತು. ಅದಕ್ಕೂ ಮೊದಲು ಅಲ್ಲಿ ಎಷ್ಟೋ ಕರಿಯರು ಕೊಲೆಯಾಗಿದ್ದರೂ ಹಾಗೆ ನೋಡಿರಲಿಲ್ಲ. ನೆರವಿಗೆ ಬಂದವರ ಜೀವಕ್ಕೂ ಅಲ್ಲಿಯೇ ಹುಟ್ಟಿದವರ ಜೀವಕ್ಕೂ ದೇಶ ಬೇರೆ ಬೇರೆ ಬೆಲೆ ಕಟ್ಟುತ್ತದೆ ಎಂಬುದು ಚಳವಳಿಯೊಳಗಿನವರಿಗೆ ಕಹಿಯಾಗಿ ಮನದಟ್ಟಾಯಿತು.

1966ರ ಹೊತ್ತಿಗೆ ಸ್ನಿಕ್ ತನ್ನ ಬಿಳಿಯ ಸದಸ್ಯರಿಗೆ ಹೇಳಿದ ಮಾತಿನ ಸಾರ ಇಷ್ಟು: ವರ್ಣಭೇದ ಇರುವುದು ನಿಮ್ಮವರಲ್ಲಿ, ಹೋಗಿ ನಿಮ್ಮವರ ನಡುವೆ ಕೆಲಸ ಮಾಡಿ. ಇದು ಹಲವರಿಗೆ ನೋವು ತಂದಿತು. ಕರಿಯರ ಕೇರಿಯಲ್ಲಿ ಪಾಠ ಹೇಳುವುದಕ್ಕಿಂತ ತಮ್ಮ ಅಪ್ಪ, ಚಿಕ್ಕಪ್ಪಂದಿರ ಎದುರು ಬಾಯಿ ಬಿಡುವುದು ಕಷ್ಟ. ದಕ್ಷಿಣದ ಬಿಳಿಯ ವಿದ್ಯಾರ್ಥಿಗಳು 1964ರಲ್ಲೇ ನ್ಯಾಶ್‌ವಿಲ್‌ನಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡು ಬಿಳಿಯರ ಕಾಲೇಜುಗಳಲ್ಲಿ ಈ ಕೆಲಸ ಆರಂಭಿಸಿದ್ದರು. ಬೋಧಕರು ಇದರಿಂದ ತೆಗೆದುಕೊಳ್ಳಬೇಕಾದ ಅಂಶ ಒಂದೇ: ನೊಂದವರಿಗೆ ಸಹಾಯ ಮಾಡುವುದೂ ನೋಯಿಸುವ ಏರ್ಪಾಡನ್ನು ತನ್ನ ಮನೆಯೊಳಗೆ ಪ್ರಶ್ನಿಸುವುದೂ ಎರಡು ಬೇರೆ ಕೆಲಸಗಳು. ಮೊದಲನೆಯದು ಎರಡನೆಯದಕ್ಕೆ ಬದಲಿಯಾಗುವುದಿಲ್ಲ.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲೂ ಈ ದಾರಿಯಲ್ಲಿ ನಡೆದವರಿದ್ದಾರೆ. ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾವ್ (1859–1928) ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರು ಶಾಲೆ ನಡೆಸಿದ್ದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಅಷ್ಟೇ ಮುಖ್ಯವಾದದ್ದು ಅವರು ಮನೆಯೊಳಗೂ ಅದೇ ನಿಲುವು ತಳೆದದ್ದು: ಮಗಳು ರಾಧಾಬಾಯಿಯ ಮದುವೆ ಜಾತಿಯ ಹೊರಗೆ, ಮುಂದೆ ಮದರಾಸಿನ ಪ್ರಧಾನಿಯಾದ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು.

ವಿದ್ಯಾರ್ಥಿಗಳ ಸಂಘಟಿತ ಪ್ರಯತ್ನವೆಂದರೆ ನೆನಪಾಗುವುದು ಅರವತ್ತು–ಎಪ್ಪತ್ತರ ದಶಕಗಳ ಮೈಸೂರು ಮತ್ತು ಶಿವಮೊಗ್ಗ. ಲೋಹಿಯಾ ವಿಚಾರಗಳಿಂದ ಪ್ರಭಾವಿತವಾದ ಸಮಾಜವಾದಿ ಯುವಜನ ಸಭಾದಲ್ಲಿ ಲಿಂಗಾಯತ, ಒಕ್ಕಲಿಗ, ಬ್ರಾಹ್ಮಣ ಮನೆಗಳಿಂದ ಬಂದ ಯುವಕರೂ ದೇವನೂರ ಮಹಾದೇವರಂಥ ದಲಿತ ಯುವಕರೂ ಒಟ್ಟಿಗಿದ್ದರು. ಪೂರ್ಣಚಂದ್ರ ತೇಜಸ್ವಿ, ಕೆ. ರಾಮದಾಸ್, ಎಂ.ಡಿ. ನಂಜುಂಡಸ್ವಾಮಿ ಆ ಬಳಗದ ಹೆಸರುಗಳು. ಜಾತಿ ವಿನಾಶದ ಮಾತು ಅವರಲ್ಲಿ ಬಹುಬೇಗ ಮದುವೆಯ ಪ್ರಶ್ನೆಗೆ ಬಂದು ನಿಂತಿತು. ಕುವೆಂಪು ರೂಪಿಸಿದ ಪುರೋಹಿತರಿಲ್ಲದ ‘ಮಂತ್ರ ಮಾಂಗಲ್ಯ’ದಲ್ಲಿ 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆಯಿತು. ರಾಮದಾಸ್ ಮೈಸೂರಿನಲ್ಲಿ ಅಂತರ್ಜಾತಿ ವಿವಾಹಗಳಿಗೆ ಬೆನ್ನೆಲುಬಾಗಿ ನಿಂತರು. ಮದುವೆಯೇ ಏಕೆ ಮುಖ್ಯವಾಯಿತು? ಸಹಭೋಜನ ಒಂದು ದಿನದ್ದು, ಭಾಷಣ ಒಂದು ಗಂಟೆಯದು. ಜಾತಿ ತಲೆಮಾರಿನಿಂದ ತಲೆಮಾರಿಗೆ ದಾಟುವುದು ಮದುವೆಯ ಮೂಲಕ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ವಿವಾಹದ ಪ್ರಮಾಣ ಶೇ. 5ರಷ್ಟು ಮಾತ್ರ. ಅದೇ ಸಮೀಕ್ಷೆಯಲ್ಲಿ ಶೇ. 27ರಷ್ಟು ಕುಟುಂಬಗಳು ಯಾವುದಾದರೂ ರೂಪದಲ್ಲಿ ಅಸ್ಪೃಶ್ಯತೆ ಆಚರಿಸುವುದಾಗಿ ತಾವೇ ಒಪ್ಪಿಕೊಂಡಿದ್ದವು.

ಅದೇ ಕಾಲದ ವಿದ್ಯಾರ್ಥಿಗಳು ಇದಕ್ಕೆ ಪೂರ್ತಿ ವಿರುದ್ಧವಾಗಿಯೂ ನಡೆದುಕೊಂಡರು. 1973ರ ನವೆಂಬರಿನಲ್ಲಿ ಮೈಸೂರಿನ ಸಮಾರಂಭವೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದೇ ತಡ, ಮೇಲ್ಜಾತಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳಿಗೆ. ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಅವರ ಪರ ನಿಂತ ಮೇಲ್ಜಾತಿಯ ಲೇಖಕರೂ ವಿದ್ಯಾರ್ಥಿಗಳೂ ಇದ್ದರು, ಆದರೆ ಕಡಿಮೆ. ಆ ಕಾವಿನಲ್ಲೇ ಪ್ರೊ. ಬಿ. ಕೃಷ್ಣಪ್ಪ ಮೊದಲಾದವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ದಲಿತರು ತಮ್ಮ ಸಂಘಟನೆಯನ್ನು ತಾವೇ ಕಟ್ಟಿಕೊಂಡರು. ಮೇಲ್ಜಾತಿಯವರ ಪಾಲಿಗೆ ಉಳಿದ ಕೆಲಸ ತಮ್ಮವರ ನಡುವಿನದು. ಐವತ್ತು ವರ್ಷಗಳ ನಂತರವೂ ಆ ಕೆಲಸ ಬಹುಪಾಲು ಹಾಗೆಯೇ ಉಳಿದಿದೆ.

ಏಣಿಯ ಮೆಟ್ಟಿಲುಗಳು

ಅಮೆರಿಕದ ಮಾದರಿಯನ್ನು ಹಾಗೆಯೇ ಎತ್ತಿ ಇಲ್ಲಿ ನೆಡಲಾಗದು. ಅಲ್ಲಿ ಪ್ರಧಾನವಾಗಿ ಒಂದೇ ಗೆರೆ, ಇಲ್ಲಿ ಏಣಿ. ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಪ್ರತಿಯೊಂದು ಜಾತಿಗೂ ಮೇಲೊಂದು, ಕೆಳಗೊಂದು ಇರುವುದರಿಂದ ತನಗಾದ ಅವಮಾನ ನೆನಪಿರುತ್ತದೆ, ತಾನು ಮಾಡಿದ್ದು ಮರೆಯುತ್ತದೆ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಜೊತೆಗೆ ಸೋಲಿಗರು, ನಾಯಕರು, ಉಪ್ಪಾರರು, ಕುರುಬರು, ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು. ಬೀದಿಗೊಂದು ಕುಲ, ಕುಲಕ್ಕೊಬ್ಬ ಯಜಮಾನ. ಹಿಂದುಳಿದ ವರ್ಗದ ಪ್ರಶಿಕ್ಷಣಾರ್ಥಿಯೊಬ್ಬ ಮೇಲಿನ ಬೀದಿಯವರಿಂದ ತಿರಸ್ಕಾರ ಉಂಡಿರಬಹುದು. ಅವನ ಮನೆಯಲ್ಲೇ ದಲಿತ ಗೆಳೆಯನಿಗೆ ಬೇರೆ ಲೋಟ ಇರಬಹುದು. ಆದ್ದರಿಂದ ಪ್ರತಿಯೊಬ್ಬರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನನ್ನು ಯಾರು ಹೊರಗೆ ನಿಲ್ಲಿಸಿದ್ದಾರೆ? ನಾನು ಯಾರನ್ನು ನಿಲ್ಲಿಸಿದ್ದೇನೆ? ಎರಡನೆಯದಕ್ಕೆ ಉತ್ತರ ಹುಡುಕದೆ ಮೊದಲನೆಯದನ್ನೇ ಹೇಳುತ್ತ ಕುಳಿತರೆ ಏಣಿ ಅಲ್ಲಾಡುವುದಿಲ್ಲ.

ಕೌದಳ್ಳಿಯ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯ ಜನಕ್ಕೆ ನೀರು, ಮಜ್ಜಿಗೆ ಕೊಡುವವರು ಯಾರ ಕುಲವನ್ನೂ ಕೇಳುವುದಿಲ್ಲ. ಅದೇ ಕೈಗಳು ಊರೊಳಗೆ ಬೇರೆ ಬೇರೆ ಲೋಟ ಇಡಬಲ್ಲವು. ತರಗತಿಯಲ್ಲಿ ಚರ್ಚೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತರಗತಿಯ ಆಟಗಳ ಅಪಾಯ

ಉತ್ಸಾಹಿ ಪ್ರಶಿಕ್ಷಣಾರ್ಥಿಗಳು ಪಾತ್ರಾಭಿನಯದ ಮೂಲಕ ಈ ಪಾಠ ಮಾಡಲು ಬಯಸುವುದುಂಟು. ಜೇನ್ ಎಲಿಯಟ್ ಎಂಬ ಶಿಕ್ಷಕಿಯ ಪ್ರಯೋಗ ಅವರಿಗೆ ಸ್ಫೂರ್ತಿ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾ ರಾಜ್ಯದ ರೈಸ್‌ವಿಲ್ ಊರಿನ ಮೂರನೇ ತರಗತಿಯನ್ನು ಎಲಿಯಟ್ ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿದರು. ಒಂದು ಗುಂಪನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಸಾರಿ, ಆಮೇಲೆ ಅದಲುಬದಲು ಮಾಡಿದರು. ‘ಮೇಲಿನ’ ಮಕ್ಕಳು ಬಹುಬೇಗ ದರ್ಪ ಕಲಿತರು. ‘ಕೀಳಾದ’ ಮಕ್ಕಳು ಮುದುಡಿದರು.

ಆದರೆ ಆ ತರಗತಿಯ ಮಕ್ಕಳೆಲ್ಲರೂ ಬಿಳಿಯರಾಗಿದ್ದರು. ಅವಮಾನ ಅವರಿಗೆ ಹೊಸದು, ಸಂಜೆಗೆ ಮುಗಿಯುವಂಥದು. ಅಷ್ಟಾದರೂ ಎಳೆಯ ಮಕ್ಕಳನ್ನು ಹಾಗೆ ನೋಯಿಸಬಹುದೇ ಎಂಬ ಟೀಕೆ ಆ ಪ್ರಯೋಗವನ್ನು ಬಿಟ್ಟಿಲ್ಲ. ನಮ್ಮ ತರಗತಿಗಳಲ್ಲಿ ಅವಮಾನ ಉಂಡವರೂ ಉಣಿಸಿದ ಮನೆಯವರೂ ಒಟ್ಟಿಗೆ ಕುಳಿತಿರುತ್ತಾರೆ. ಇಲ್ಲಿ ಮೇಲು–ಕೀಳಿನ ಆಟ ಕಟ್ಟಿದರೆ ಮನೆಯಲ್ಲಿ, ಬೀದಿಯಲ್ಲಿ ಆಗುವುದೇ ಮತ್ತೊಮ್ಮೆ ಶಾಲೆಯಲ್ಲಿ, ಶಿಕ್ಷಕರ ಅಪ್ಪಣೆಯಿಂದ ಆಗುತ್ತದೆ. ಮಗುವನ್ನು ಬೋಧನೋಪಕರಣ ಮಾಡಬಾರದು.

ಇನ್ನೊಂದು ತುದಿಯಲ್ಲಿ ‘ಮಕ್ಕಳಿಗೆ ಜಾತಿಯೇ ಗೊತ್ತಿಲ್ಲ, ನಾವೇಕೆ ನೆನಪಿಸಬೇಕು?’ ಎನ್ನುವವರಿದ್ದಾರೆ. ಯಾರ ಮನೆಯ ನಡುಮನೆಗೆ ಹೋಗಬಹುದು, ಯಾರ ಮನೆಯ ಜಗಲಿಯಲ್ಲೇ ನಿಲ್ಲಬೇಕು ಎಂಬುದು ಒಂದನೇ ತರಗತಿಗೆ ಬರುವ ಮೊದಲೇ ಮಗುವಿಗೆ ತಿಳಿದಿರುತ್ತದೆ. ಶಿಕ್ಷಕರ ಮೌನವನ್ನು ಅದು ಒಪ್ಪಿಗೆಯೆಂದೇ ಓದಿಕೊಳ್ಳುತ್ತದೆ.

ಪ್ರಶಿಕ್ಷಣಾರ್ಥಿಗಳ ಗುಂಪಿಗೆ ಕೆಲಸದ ಕ್ರಮ

ಕಾಲೇಜಿನಲ್ಲಿ ಆರೇಳು ಪ್ರಶಿಕ್ಷಣಾರ್ಥಿಗಳು ಸ್ವಇಚ್ಛೆಯಿಂದ ಗುಂಪು ಕಟ್ಟಿಕೊಂಡು ಒಂದು ಅವಧಿಯಲ್ಲಿ ಮಾಡಬಹುದಾದ ಕೆಲಸವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದೆ.

1. ಮೊದಲು ಓದು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಈ ಎರಡು ಆತ್ಮಕಥೆಗಳು ಸಾಕು. ತಿಳಿಯಬೇಕಾದದ್ದು ಪುಸ್ತಕದಲ್ಲಿ ಸಿಗುವಾಗ ದಲಿತ ಸಹಪಾಠಿಯನ್ನು ಕೂರಿಸಿಕೊಂಡು ‘ನಿನಗೇನಾಗಿತ್ತು ಹೇಳು’ ಎನ್ನಬೇಕಾಗಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೆ.

2. ನಂತರ ತಮ್ಮ ಪಟ್ಟಿ. ಒಂದು ವಾರದ ದಿನಚರಿಯಲ್ಲಿ ಜಾತಿಯಿಂದ ತನಗೆ ಸುಲಭವಾದ ಹತ್ತು ಸಂಗತಿಗಳನ್ನು ಪ್ರತಿಯೊಬ್ಬರೂ ಬರೆದು ಗುಂಪಿನೊಳಗೆ ಓದುವುದು. ಇದು ತಪ್ಪೊಪ್ಪಿಗೆಯ ಸಭೆಯಲ್ಲ. ಅತ್ತು ಹಗುರಾಗುವುದು ಗುರಿಯಲ್ಲ, ಗಮನಿಸಲು ಕಲಿಯುವುದು ಗುರಿ.

3. ಶಾಲೆಯ ವೀಕ್ಷಣೆ. ಬೋಧನಾಭ್ಯಾಸದ ಶಾಲೆಯಲ್ಲಿ ನಾಲ್ಕು ವಿಷಯಗಳನ್ನು ಎರಡು ವಾರ ಗುರುತಿಸಿಕೊಳ್ಳುವುದು: ತರಗತಿ ಗುಡಿಸುವವರು ಯಾರು, ಶೌಚಾಲಯಕ್ಕೆ ನೀರು ಹಾಕುವವರು ಯಾರು, ಶಿಕ್ಷಕರಿಗೆ ನೀರು ತರಲು ಯಾರನ್ನು ಕಳಿಸುತ್ತಾರೆ, ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಬಯಲಾಯಿತು. ಅಂಥದಕ್ಕೆ ದಾರಿ ಸಿದ್ಧವಾಗುವುದು ಇಂಥ ಸಣ್ಣ ‘ಕೆಲಸ ಹಂಚಿಕೆ’ಗಳಲ್ಲೇ. ಮಕ್ಕಳ ಹೆಸರು, ಜಾತಿಯನ್ನು ಪುಸ್ತಕದಲ್ಲಿ ಬರೆಯಬಾರದು. ಅವರನ್ನು ಜಾತಿ ಕೇಳುವುದಂತೂ ಕೂಡದು.

4. ತಿದ್ದುವ ಕ್ರಮ. ಗುಡಿಸುವ, ನೀರು ತರುವ ಸರದಿಯನ್ನು ಹಾಜರಿ ಸಂಖ್ಯೆಯಂತೆ ಬರೆದು ಗೋಡೆಗೆ ಹಾಕಿದರೆ ಭಾಷಣವಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಪ್ರಶಿಕ್ಷಣಾರ್ಥಿಯೂ ಬಿಸಿಯೂಟದ ಸಾಲಿನಲ್ಲಿ ಕುಳಿತು, ಅಡುಗೆ ಯಾರೇ ಮಾಡಿರಲಿ, ಅದನ್ನೇ ಉಣ್ಣಬೇಕು.

5. ಕೊನೆಗೆ ಸ್ವಂತ ಬೀದಿ. ರಜೆಗೆ ಊರಿಗೆ ಹೋದಾಗ ಮನೆಯ ಒಂದು ಆಚರಣೆಯನ್ನು ಪ್ರಶ್ನಿಸುವುದು: ಕೂಲಿಗೆ ಬಂದವರಿಗೆ ಇಡುವ ಲೋಟ, ಹಿರಿಯರನ್ನು ಏಕವಚನದಲ್ಲಿ ಕರೆಯುವ ರೂಢಿ, ಹಬ್ಬದ ಊಟ ಬಡಿಸುವ ಜಾಗ. ‘ಅಜ್ಜಿ, ಇವರಿಗೂ ನಮ್ಮ ಲೋಟದಲ್ಲೇ ಕಾಫಿ ಕೊಡೋಣ’ ಎಂದು ಹೇಳಲು ಗಟ್ಟಿ ಗಂಟಲು ಬೇಕಿಲ್ಲ, ಗಟ್ಟಿ ಮನಸ್ಸು ಬೇಕು. ಗುಂಪು ಬೇಕಾಗುವುದೂ ಇದಕ್ಕೇ: ಸೋತು ಬಂದವರಿಗೆ ಮತ್ತೆ ಹೋಗುವ ಧೈರ್ಯ ತುಂಬಲು.

ಒಂದು ಎಚ್ಚರಿಕೆ ಉಳಿದೆಲ್ಲಕ್ಕಿಂತ ಮುಖ್ಯ. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ‘ಇದರ ಪೆಟ್ಟು ಯಾರಿಗೆ ಬೀಳುತ್ತದೆ?’ ಎಂದು ಕೇಳಿಕೊಳ್ಳಬೇಕು. ದಲಿತ ಗೆಳೆಯನನ್ನು ಮುನ್ಸೂಚನೆಯಿಲ್ಲದೆ ಮನೆಯೊಳಗೆ ಕರೆದುಕೊಂಡು ಹೋಗಿ ಕ್ರಾಂತಿ ಮಾಡಿದೆನೆಂದು ಬೀಗುವವನು ಮರುದಿನ ಕಾಲೇಜಿಗೆ ಹಿಂತಿರುಗುತ್ತಾನೆ. ಗೆಳೆಯನ ತಂದೆಗೆ ಮರುದಿನದಿಂದ ಆ ಬೀದಿಯಲ್ಲಿ ಕೂಲಿ ಸಿಗದೆ ಹೋಗಬಹುದು. ಸಹಪಂಕ್ತಿಯ ಫೋಟೊ ನಮ್ಮದು, ಬಹಿಷ್ಕಾರ ಅವರದು ಎಂಬಂತಾಗಬಾರದು. ಅಪಾಯವಿರುವ ಹೆಜ್ಜೆಯ ನಿರ್ಧಾರ ಅಪಾಯಕ್ಕೆ ಒಡ್ಡಿಕೊಳ್ಳುವವರದೇ ಆಗಿರಬೇಕು.

ಬೋಧಕರ ಪಾಲು

ಈ ಕೆಲಸವನ್ನು ಪ್ರಶಿಕ್ಷಣಾರ್ಥಿಗಳ ಹೆಗಲಿಗೇ ಬಿಡುವುದು ನ್ಯಾಯವಲ್ಲ. ಗುಂಪುಗಳನ್ನು ಹಂಚುವಾಗ, ಶಾಲೆಗಳನ್ನು ಗೊತ್ತುಮಾಡುವಾಗ, ಆಂತರಿಕ ಅಂಕ ಕೊಡುವಾಗ ನಮ್ಮ ಆಯ್ಕೆಗಳನ್ನೂ ಇದೇ ಕಣ್ಣಿನಿಂದ ನೋಡಿಕೊಳ್ಳಬೇಕಾಗಿದೆ. ದೂರದ ಶಾಲೆ ಯಾರಿಗೆ ಹೋಗುತ್ತದೆ, ಪ್ರಾರ್ಥನೆಗೆ ಯಾರನ್ನು ಕರೆಯುತ್ತೇವೆ, ಕುರ್ಚಿ ಎತ್ತಲು ಯಾರನ್ನು ಕರೆಯುತ್ತೇವೆ ಎಂಬುದೂ ಪಾಠವೇ.

ಆರಂಭಕ್ಕೆ ಒಂದು ಸಣ್ಣ ಬದಲಾವಣೆ ಸಾಕು. ಪಾಠ ವೀಕ್ಷಣೆಯ ನಮೂನೆಯಲ್ಲಿ ವಿಷಯಜ್ಞಾನ, ಧ್ವನಿ, ಕಪ್ಪುಹಲಗೆ ಬಳಕೆಗಳ ಸಾಲಿಗೆ ಇನ್ನೊಂದು ಸಾಲು ಸೇರಿಸೋಣ: ‘ಪ್ರಶಿಕ್ಷಣಾರ್ಥಿ ಯಾವ ಮಕ್ಕಳನ್ನು ಹೆಸರು ಹಿಡಿದು ಕರೆದರು, ಯಾವ ಮಕ್ಕಳನ್ನು ಒಮ್ಮೆಯೂ ಕರೆಯಲಿಲ್ಲ?’ ಆ ಸಾಲನ್ನು ತುಂಬಬೇಕಾದರೆ ವೀಕ್ಷಕರು ಇಡೀ ತರಗತಿಯನ್ನು, ಕೊನೆಯ ಬೆಂಚಿನವರೆಗೆ, ನೋಡಲೇಬೇಕಾಗುತ್ತದೆ.